ಎಲ್ಲದಕ್ಕೂ ಕಾರ್ಬ್ಯುರೇಟರೇ ಕಾರಣ

ಕಾರಿಗೆ ಏನೇ ಆಗಲಿ, ನಮ್ಮ ಯಜಮಾನರ ಪ್ರಕಾರ ಅದು ಕಾರ್ಬ್ಯುರೇಟರ್ ತೊಂದರೆ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗದ್ದು. ಮೈಸೂರಿನಲ್ಲಿ ಮಾವನವರ ಜಾವಾ ಬೈಕಿನ ಕಾರ್ಬ್ಯುರೇಟರಿನಿಂದ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ, ಬಿಚ್ಚಿ ಊದಿ ಊದಿ ಬೆಳೆದವರು. ಇಂಗ್ಲೆಂಡಿಗೆ ಬಂದು ರೆಡಿಂಗ್‌ನಲ್ಲಿ ಮನೆ ಮಾಡಿದ ಮೇಲೂ ಕೈ ಸುಮ್ಮನಿರಲಿಲ್ಲ. 1969ರ ಎಂಜಿಬಿ ತಂದು ಮನೆ ಮುಂದೆ ನಿಲ್ಲಿಸಿದರು. ಟಾಪ್ ತೆಗೆಯಬಹುದಾದ ಸ್ಪೋರ್ಟ್ಸ್ ಕಾರು. ಜಾವಾಗೆ ಒಂದೇ ಕಾರ್ಬ್ಯುರೇಟರ್, ಇದಕ್ಕೆ ಎರಡು. ಇವರ ಸಂತೋಷವೂ ಡಬಲ್.

ಎರಡೂ ಎಸ್‌ಯು ಅನ್ನುವ ಬ್ರ್ಯಾಂಡಿನ ಕಾರ್ಬ್ಯುರೇಟರ್. ಅದನ್ನು ಮಾಡಿದ ಸ್ಕಿನ್ನರ್ ಅಣ್ಣತಮ್ಮಂದಿರದು ಬೂಟು ವ್ಯಾಪಾರದ ಮನೆತನ, ಅದಕ್ಕೇ ಇರಬೇಕು, ಶುರುವಿನಲ್ಲಿ ಇದರೊಳಗೆ ಪಿಸ್ಟನ್ ಬದಲು ಚರ್ಮದ ತಿದಿ ಇತ್ತಂತೆ. ಈಗ ಬೋರಲು ಹಾಕಿದ ತಂಬಿಗೆಯಂಥದ್ದರೊಳಗೆ ಪಿಸ್ಟನ್ ಏರಿಳಿಯುತ್ತದೆ. ಇದೆಲ್ಲ ನನಗೆ ಯಾಕೆ ಗೊತ್ತು ಅಂದರೆ, ಮನೆಯಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇಲ್ಲ.

ಬೇಸಿಗೆಯಲ್ಲಿ ಸ್ನೇಹಿತರ ಗೃಹಪ್ರವೇಶಕ್ಕೆ ಹೊರಟೆವು. ನಾನು ರೇಷ್ಮೆ ಸೀರೆ ಉಟ್ಟು, ತೊಡೆಯ ಮೇಲೆ ಪುಳಿಯೋಗರೆ ಪಾತ್ರೆ ಇಟ್ಟುಕೊಂಡು, ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದು ಕೂತಿದ್ದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿದ ಕಾರು ಎಂಜಿನ್ ಬಿಸಿಯಾದ ಮೇಲೆ ಎರಡು ಸಲ ಜಗ್ಗಿ, ರೌಂಡಬೌಟಿನ ಮಧ್ಯೆಯೇ ನಿಂತುಬಿಟ್ಟಿತು.

“ಕಾರ್ಬ್ಯುರೇಟರೇ ಕಣೆ. ಬಿಸಿಗೆ ಪೆಟ್ರೋಲ್ ಆವಿಯಾಗ್ತಿದೆ.”

“ರೀ, ಗಾಡಿ ಇನ್ನೂ ಓಡ್ತಿದ್ದಾಗಲೇ ಆರ್‌ಪಿಎಂ ಮುಳ್ಳು ಥಟ್ಟನೆ ಸೊನ್ನೆಗೆ ಬಿತ್ತಲ್ವಾ?”

“ಮೀಟರ್ ಹಳೇದು.”

ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಇನ್ನೇನು, ರಿಪೇರಿ ಪರ್ವ ಶುರು. 2021ರ ಸೆಪ್ಟೆಂಬರಿನಿಂದ ಇಲ್ಲಿನ ಮಾಮೂಲಿ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥೆನಾಲ್ ಇರುತ್ತದೆ, ಅದು ಹಳೇ ರಬ್ಬರನ್ನು ತಿನ್ನುತ್ತದೆ ಅಂತ ಪೈಪೆಲ್ಲ ಬದಲಾಯಿಸಿದರು. ಅದೇನೋ ನಿಜವೇ, ಬಿಡಿ. ಆಮೇಲೆ ಕಾರ್ಬ್ಯುರೇಟರಿಗೆ ಹೊಸ ಫ್ಲೋಟ್ ಬಂತು, ಸೂಜಿ ಬಂತು. ಅದರ ಕೆಳಗಿನ ಮಿಕ್ಸ್‌ಚರ್ ನಟ್‌ಗೆ ಆರು ಮುಖ, ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಬೇಕು, ಕೆಳಗಿಳಿಸಿದರೆ ಪೆಟ್ರೋಲ್ ಜಾಸ್ತಿ, ಮೇಲೇರಿಸಿದರೆ ಕಮ್ಮಿ. ಎರಡೂ ಕಾರ್ಬ್ಯುರೇಟರ್ ಒಂದೇ ಸಮ ಗಾಳಿ ಎಳೆಯುತ್ತಿವೆಯೋ ಅಂತ ತಿಳಿಯಲು ರಬ್ಬರ್ ಪೈಪಿನ ಒಂದು ತುದಿ ಅಲ್ಲಿ, ಇನ್ನೊಂದು ತುದಿ ಇವರ ಕಿವಿಯಲ್ಲಿ. ನನ್ನ ಕೆಲಸ ಆಕ್ಸಿಲರೇಟರ್ ಒತ್ತುವುದು. “ಸ್ವಲ್ಪ... ಸ್ವಲ್ಪ ಅಂದ್ರೆ ಅಷ್ಟಲ್ಲ! ಬಿಡು. ಪೂರ್ತಿ ಯಾಕೆ ಬಿಟ್ಟೆ?” ಇದನ್ನು ದಾಟಿ ಬಂದ ಸಂಸಾರ ಗಟ್ಟಿ ಅಂತಲೇ ಲೆಕ್ಕ.

ಆದರೂ ಬಿಸಿಲೇರಿದರೆ ಕಾರು ನಿಲ್ಲುತ್ತಲೇ ಇತ್ತು. ಕೊನೆಗೆ ಪಕ್ಕದ ಮನೆಯ ಅಜ್ಜ, ರಿಟೈರ್ಡ್ ಮೆಕ್ಯಾನಿಕ್, ಬೇಲಿಯಾಚೆಯಿಂದ ಎಷ್ಟು ದಿನ ಅಂತ ನೋಡ್ತಾರೆ, ಬಂದು ವಿಚಾರಿಸಿದರು. ನಾನು ಮುಳ್ಳಿನ ವಿಷಯ ಹೇಳಿದೆ. ಅವರು ಕಾರ್ಬ್ಯುರೇಟರ್ ಕಡೆ ತಿರುಗಿಯೂ ನೋಡಲಿಲ್ಲ. ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕಿಡಿ ಸರಿಯಾಗಿ ಹಾರಲು ಬೇಕಾದ, ಕಿರುಬೆರಳಿಗಿಂತ ಚಿಕ್ಕದಾದ ಕಂಡೆನ್ಸರ್ ಬಿಚ್ಚಿ ಬೇರೆಯದು ಹಾಕಿದರು. ಬಿಸಿಯಾದಾಗ ಅದು ಕೈಕೊಟ್ಟು ಕಿಡಿಯೇ ನಿಂತುಹೋಗುತ್ತಿತ್ತು. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಆ ಆರ್‌ಪಿಎಂ ಮೀಟರ್ ನಡೆಯುವುದು ಇಗ್ನಿಷನ್ನಿನಿಂದ, ಅಂದರೆ ಕಿಡಿ ಹೊತ್ತಿಸುವ ವ್ಯವಸ್ಥೆಯಿಂದ, ಹಾಗಾಗಿ ಕಿಡಿ ಹೋದರೆ ಮುಳ್ಳು ಒಮ್ಮೆಲೇ ಬೀಳುತ್ತದೆ. ಬರೀ ಪೆಟ್ರೋಲ್ ಸಾಲದಿದ್ದರೆ ಎಂಜಿನ್ ಜೊತೆಗೇ ನಿಧಾನಕ್ಕೆ ಇಳಿಯುತ್ತಿತ್ತು. “ಕಾರ್ಬ್ಯುರೇಟರ್ ತೊಂದರೆ ಹೆಚ್ಚಾಗಿ ಇರೋದೇ ಡಿಸ್ಟ್ರಿಬ್ಯೂಟರ್ ಒಳಗೆ” ಅಂತ ನಕ್ಕು, ಟೀ ಕುಡಿದು ಹೋದರು.

ಈಗ ಕಾರು ನಿಲ್ಲುವುದಿಲ್ಲ. ಆದರೆ ವಾರಗಟ್ಟಲೆ ಆ ನಟ್‌ಗಳನ್ನು ತಿರುಗಿಸಿದ್ದಾರಲ್ಲ, ಕಪ್ಪು ಹೊಗೆ ಉಗುಳುತ್ತಾ, ಬೀದಿಗೆಲ್ಲ ಪೆಟ್ರೋಲ್ ವಾಸನೆ ಹರಡುತ್ತಾ ಓಡುತ್ತದೆ. ಮೊನ್ನೆ ಅಜ್ಜ ಮತ್ತೆ ಬಂದು ನೋಡಿ, ಈ ಸಲ ತೊಂದರೆ ಕಾರ್ಬ್ಯುರೇಟರಿನದೇ ಅಂದರು.

ಇವರು ನನ್ನ ಕಡೆ ತಿರುಗಿ, “ನಾನು ಮೊದಲೇ ಹೇಳಿರಲಿಲ್ವಾ?” ಅಂದರು.