ನಿಲ್ಲಿಸುವುದೊಂದನ್ನು ಬಿಟ್ಟು

ಕಳೆದ ತಿಂಗಳು ನನ್ನ 16 ವರ್ಷದ ಕಾರಿನ ಮುಂದಿನ ಚಕ್ರಗಳಿಗೆ ಬ್ರೇಕ್ ಪ್ಯಾಡ್ ತಂದೆ. ಡಬ್ಬದ ಮೇಲೆ, ಕಂಪನಿಯ ಹೆಸರಿಗಿಂತಲೂ ದಪ್ಪ ಅಕ್ಷರಗಳಲ್ಲಿ, ‘ಜೀವಮಾನದ ವಾರಂಟಿ’ ಎಂದು ಅಚ್ಚಾಗಿತ್ತು. ಬ್ರೇಕ್ ಪ್ಯಾಡ್ ಹುಟ್ಟಿರುವುದೇ ಸವೆಯುವುದಕ್ಕೆ. ಹೊಸದರಲ್ಲಿ 10–12 ಮಿಲಿಮೀಟರ್ ದಪ್ಪವಿರುವ ಅದರ ಉಜ್ಜುವ ಪದರವು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಿಕ್ಕಿ ತಿಕ್ಕಿ 3 ಮಿಲಿಮೀಟರಿಗೆ ಇಳಿಯುವ ಹೊತ್ತಿಗೆ ಅದರ ಋಣ ತೀರಿರುತ್ತದೆ. ಇಂಥ ವಸ್ತುವಿಗೆ ಜೀವಮಾನದ ವಾರಂಟಿ ಕೊಡುವವರು ನಾಳೆ ಸೀಮೆಸುಣ್ಣಕ್ಕೂ ಕೊಟ್ಟಾರು ಎಂದುಕೊಳ್ಳುತ್ತ ಡಬ್ಬವನ್ನು ತಿರುಗಿಸಿದರೆ, ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ ಇನ್ನೊಂದು ಸಾಲಿತ್ತು: ‘ಸಾಮಾನ್ಯ ಸವೆತಕ್ಕೆ ಈ ವಾರಂಟಿ ಅನ್ವಯಿಸುವುದಿಲ್ಲ.’ ಅಸಾಮಾನ್ಯವಾಗಿ ಸವೆಸುವುದು ಹೇಗೆಂಬುದನ್ನೂ ಅಲ್ಲಿಯೇ ತಿಳಿಸಿದ್ದರೆ ದೊಡ್ಡ ಉಪಕಾರವಾಗುತ್ತಿತ್ತು.

ಈ ಡಬ್ಬದವರೆಗೆ ಬಂದು ಮುಟ್ಟಿದ್ದೇ ಒಂದು ಸಾಹಸ. ಕಾರಿನ ಕಂಪನಿ, ಮಾದರಿ, ವರ್ಷ, ಎಂಜಿನ್ ಎಲ್ಲವನ್ನೂ ತುಂಬಿದ ಮೇಲೆ, ಪ್ಯಾಡ್ ಹುಡುಕಿಕೊಡುವ ಯಂತ್ರವು ನನ್ನ ಕಾರು ಆ ವರ್ಷದ ಯಾವ ತಿಂಗಳಿನಲ್ಲಿ ತಯಾರಾಯಿತೆಂದು ಕೇಳಿತು. ಅದನ್ನೂ ಹೇಳಿದೆ. ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳದಂಥ ಭಾಗ, ಯಾವ ಬಗೆಯದು ಎಂದು ಕೇಳಿತು. ಕಾರು ತಯಾರಿಸುವವರು ಒಂದೇ ಮಾದರಿಗೆ, ಒಂದೇ ವರ್ಷದಲ್ಲಿ, ಎರಡು ಬಗೆಯ ಕ್ಯಾಲಿಪರ್‌ಗಳನ್ನು ಹಾಕುವುದುಂಟು. ಆದರೆ ಯಾವ ಕಾರಿಗೆ ಯಾವುದನ್ನು ಹಾಕಿದರೆಂಬ ಸಂಗತಿಯನ್ನು ಮಾಲೀಕನ ಕಣ್ಣಿಗೆ ಬೀಳುವ ಯಾವ ಜಾಗದಲ್ಲಿಯೂ ಬರೆಯುವುದಿಲ್ಲ. ಚಕ್ರ ಕಳಚಿ, ಹಳೆಯ ಪ್ಯಾಡನ್ನು ಹೊರತೆಗೆದು, ಅದರ ಆಕಾರವನ್ನು ಹಿಡಿದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅಂದರೆ ಹೊಸ ಪ್ಯಾಡ್ ಕೊಳ್ಳುವುದಕ್ಕೆ ಮೊದಲು ಹಳೆಯದನ್ನು ಬಿಚ್ಚಬೇಕು, ಬಿಚ್ಚಿದ ಕಾರು ಹೊಸ ಪ್ಯಾಡ್ ಬರುವವರೆಗೆ ಜಾಕಿನ ಮೇಲೆ ಕೂತಿರಬೇಕು. ಕೊನೆಗೊಂದು ಹಸಿರು ಗುರುತು ಮೂಡಿ ‘ನಿಮ್ಮ ಕಾರಿಗೆ ಖಂಡಿತವಾಗಿ ಹೊಂದುತ್ತದೆ’ ಎಂದಿತು. ಅದರ ಕೆಳಗೇ ‘ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದು ಗ್ರಾಹಕರ ಹೊಣೆ’ ಎಂದೂ ಇತ್ತು.

ಆಮೇಲೆ ವಿಶೇಷಣಗಳ ಸರದಿ. ಪ್ಯಾಡುಗಳಲ್ಲಿ ಮುಖ್ಯವಾಗಿ ಮೂರು ಜಾತಿ: ನಾರು, ರಬ್ಬರು, ರಾಳಗಳನ್ನು ಬೆರೆಸಿದ ಆರ್ಗ್ಯಾನಿಕ್, ತೂಕದಲ್ಲಿ ಸುಮಾರು ಶೇ 30ರಿಂದ 65ರವರೆಗೆ ಲೋಹವಿರುವ ಸೆಮಿ ಮೆಟಾಲಿಕ್, ಮತ್ತು 1980ರ ದಶಕದಿಂದ ಬಳಕೆಗೆ ಬಂದ ಸೆರಾಮಿಕ್. ಮೊದಲನೆಯದು ಮೆದು, ಸದ್ದು ಕಡಿಮೆ, ಬೇಗ ಸವೆಯುತ್ತದೆ. ಎರಡನೆಯದು ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಸದ್ದೂ ಧೂಳೂ ಹೆಚ್ಚು, ಡಿಸ್ಕನ್ನೂ ಜೊತೆಯಲ್ಲಿ ತಿನ್ನುತ್ತದೆ. ಮೂರನೆಯದು ಸಭ್ಯ, ದುಬಾರಿ. ಇಷ್ಟು ಹೇಳಿ ಮುಗಿಸಬಹುದಾದ ಮಾತಿಗೆ ಪ್ರೀಮಿಯಂ, ಸ್ಪೋರ್ಟ್, ಅಲ್ಟ್ರಾ, ಎಕ್ಸ್‌ಟ್ರೀಮ್, ಪ್ಲಾಟಿನಂ ಎಂಬ ಬಿರುದಾವಳಿ. ಮಾರುವವರು ನನ್ನನ್ನು ಕೇಳಿದ ಪ್ರಶ್ನೆಗಳೋ ಇನ್ನೂ ಸೊಗಸು. ಸದ್ದಿಲ್ಲದ್ದು ಬೇಕೇ? ಚಕ್ರಕ್ಕೆ ಕಪ್ಪು ಧೂಳು ಅಂಟದ್ದು ಬೇಕೇ? ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿಯುವುದುಂಟೇ? ಕಾರು ನಿಲ್ಲಬೇಕೆಂಬ ಅಪೇಕ್ಷೆ ನನಗಿದೆಯೇ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ.

ಒಬ್ಬರಂತೂ ಇಳಿದ ದನಿಯಲ್ಲಿ, ರೇಸಿಂಗ್ ಪ್ಯಾಡನ್ನೇ ಹಾಕಿಸಿಬಿಡಿ ಎಂದು ಸಲಹೆ ಕೊಟ್ಟರು. ರೇಸಿಗೆಂದೇ ಮಾಡಿದ ಪ್ಯಾಡುಗಳು ಚೆನ್ನಾಗಿ ಕಾದ ಮೇಲಷ್ಟೇ ಪೂರ್ತಿ ಹಿಡಿಯುತ್ತವೆ; ತಣ್ಣಗಿದ್ದಾಗ ಅವುಗಳ ಹಿಡಿತ ಸಾದಾ ಪ್ಯಾಡಿಗಿಂತ ಕಡಿಮೆ. ಬೆಳಿಗ್ಗೆ ಮನೆಯಿಂದ ಹೊರಟು ಮೊದಲನೆಯ ತಿರುವಿನಲ್ಲಿ ಯಾರಾದರೂ ಅಡ್ಡ ಬಂದರೆ, ‘ಸ್ವಲ್ಪ ತಾಳಿ, ನನ್ನ ಪ್ಯಾಡ್ ಇನ್ನೂ ಕಾದಿಲ್ಲ’ ಎಂದು ಗಾಜು ಇಳಿಸಿ ಹೇಳಬೇಕಾದೀತು.

ನಿಜಕ್ಕೂ ಉಪಯೋಗಕ್ಕೆ ಬರುವ ಮಾಹಿತಿಯನ್ನು ಪ್ಯಾಡಿನ ಅಂಚಿನಲ್ಲಿ ಅಥವಾ ಬೆನ್ನಿನಲ್ಲಿ ಮುದ್ರಿಸಿರುತ್ತಾರೆ, ಅಂದರೆ ಕೂಡಿಸಿದ ಮೇಲೆ ಯಾರೂ ಓದಲಾಗದ ಜಾಗದಲ್ಲಿ. ಎಫ್ಎಫ್, ಜಿಜಿ ಎಂಬಂಥ ಎರಡು ಅಕ್ಷರಗಳು ಘರ್ಷಣೆಯ ಗುಣಾಂಕವನ್ನು, ಅಂದರೆ ಹಿಡಿತದ ಅಳತೆಯನ್ನು, ಸೂಚಿಸುತ್ತವೆ: ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಮೊದಲಕ್ಷರ ಸಾಮಾನ್ಯ ಬಿಸಿಯಲ್ಲಿ, ಎರಡನೆಯದು ಚೆನ್ನಾಗಿ ಕಾದಾಗ. ಶಾಲೆಯ ಅಂಕಪಟ್ಟಿಯ ಅಭ್ಯಾಸದಿಂದ ಎಫ್ ಎಂದರೆ ನಪಾಸು ಎಂದು ಹೆದರಿ ಇ ಕೊಂಡವನು ಹಿಡಿತ ಕಡಿಮೆಯಿರುವುದನ್ನೇ ಆರಿಸಿ ತಂದಿರುತ್ತಾನೆ. ಯುರೋಪಿನ ಆರ್90 ನಿಯಮದ ಪ್ರಕಾರ ಬದಲಿ ಪ್ಯಾಡು ಮೂಲ ಪ್ಯಾಡಿನ ಕಾರ್ಯಕ್ಷಮತೆಗಿಂತ ಶೇ 15ಕ್ಕಿಂತ ಆಚೀಚೆ ಹೋಗಬಾರದು. ಹಾಗೆ ಪರೀಕ್ಷೆಗೊಳಗಾದವುಗಳ ಮೇಲೆ ಒಪ್ಪಿಗೆಯ ಗುರುತಾಗಿ ಇ ಅಕ್ಷರವೂ (ಇದು ಹಿಡಿತದ ಇ ಅಲ್ಲ) ಒಂದು ಅಂಕಿಯೂ ಇರುತ್ತವೆ. ಅಂಕಿ 1 ಇದ್ದರೆ ಒಪ್ಪಿಗೆ ಜರ್ಮನಿಯದು, 4 ಇದ್ದರೆ ನೆದರ್ಲೆಂಡ್ಸಿನದು. ನನಗೆ ಪ್ಯಾಡ್ ತೋರಿಸಿದ ಹುಡುಗ ಮಾತ್ರ 1 ಎಂದರೆ ಫಸ್ಟ್ ಕ್ವಾಲಿಟಿ ಎಂದು ವಿವರಿಸಿದ.

ಈ ಗೊಂದಲದ ನಡುವೆ ನನಗೆ 1888ರ ಬೆರ್ತಾ ಬೆಂಜ್ ನೆನಪಾಗುತ್ತಿದ್ದಳು. ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನೇ ತಯಾರಿಸಿದ ಕಾರಿನಲ್ಲಿ ಆಕೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್, ಹೊರಟುಬಿಟ್ಟಳು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದಾಗ ದಾರಿಯಲ್ಲಿ ಸಿಕ್ಕ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿಕೊಂಡಳು. ಕಾರಿನ ಬ್ರೇಕಿಗೆ ಲೈನಿಂಗ್, ಅಂದರೆ ಉಜ್ಜುವ ಹೊದಿಕೆ, ಬಂದದ್ದೇ ಹಾಗೆ. ಆ ಚಮ್ಮಾರ ಕಾರು ತಯಾರಾದ ತಿಂಗಳು ಯಾವುದೆಂದು ಕೇಳಲಿಲ್ಲ, ಸ್ಪೋರ್ಟ್ ತೊಗಲು ಬೇಕೇ ಪ್ಲಾಟಿನಂ ತೊಗಲು ಬೇಕೇ ಎಂದು ಪೀಡಿಸಲಿಲ್ಲ. ಮೊಳೆ ಹೊಡೆದ, ಕಳಿಸಿದ. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅದರ ತಾಮ್ರದ ಲೈನಿಂಗ್ ಕಿವಿ ಕಿತ್ತುಹೋಗುವಂತೆ ಕಿರುಚುತ್ತಿತ್ತು. ಹೀಗಾಗಿ ಹೊಸ ಪ್ಯಾಡ್ ‘ಕೀಂಯ್’ ಎಂದೊಡನೆ ಮೆಕ್ಯಾನಿಕ್ಕಿನ ಜೊತೆ ಜಗಳಕ್ಕೆ ನಿಲ್ಲುವವರು ಆ ಸದ್ದಿಗೆ ಶತಮಾನ ದಾಟಿದ ಪರಂಪರೆಯಿದೆ ಎಂಬುದನ್ನು ಗಮನಿಸಬೇಕು. ಆಮೇಲೆ ಬಂದ ಕಲ್ನಾರು ಸದ್ದಡಗಿಸಿತು, ಜೊತೆಗೆ ಅದರ ಧೂಳನ್ನು ಉಸಿರಾಡಿದ ಕಾರ್ಮಿಕರ ಶ್ವಾಸಕೋಶಗಳನ್ನೂ ಹಾಳುಮಾಡಿತು.

ಇನ್ನು ಡೂಪ್ಲಿಕೇಟ್ ಮಾಲಿನ ವಿಷಯ. ಹೆಸರಾಂತ ಕಂಪನಿಯದೇ ಡಬ್ಬ, ಅದೇ ಬಣ್ಣ, ಅದೇ ಹೊಳೆಯುವ ಸ್ಟಿಕ್ಕರು. ಒಳಗಿರುವುದು ಏನೆಂದು ದೇವರಿಗೇ ಗೊತ್ತು. ನಕಲು ಮಾಡುವವರ ಕಲಾನೈಪುಣ್ಯವನ್ನು ಹೊಗಳಬೇಕೆಂದುಕೊಂಡೇ ಈ ಸಾಲು ಶುರುಮಾಡಿದೆ, ಆಗುತ್ತಿಲ್ಲ. ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಬಿಸಿಗೆ ಕಳಪೆ ಪ್ಯಾಡಿನ ಪದರ ಉಕ್ಕಿನ ಬೆನ್ನುಹಲಗೆಯಿಂದ ಕಿತ್ತು ಬರಬಹುದು. ಹಿಂದಿನ ಸೀಟಿನಲ್ಲಿ ಮಗು ಮಲಗಿರುತ್ತದೆ. ಇದನ್ನು ತಿಳಿದೂ ಮಾಡುತ್ತಾರೆ, ತಿಳಿದೂ ಮಾರುತ್ತಾರೆ, ಸಿಕ್ಕಿಬಿದ್ದರೆ ಡಬ್ಬ ಬದಲಿಸುತ್ತಾರೆ. ಒರಿಜಿನಲ್ಲೇ ಕೊಡಿ, ಕೊನೆಗೆ ಹಳೇ ಗಂಡನ ಪಾದವೇ ಗತಿ ಎಂದು ಕಾರಿನ ಕಂಪನಿಯವರ ಬಳಿ ಹೋದರೆ, ಆ ಮಾದರಿ ನಿಂತುಹೋಗಿದೆ ಎನ್ನುತ್ತಾರೆ. ನಿಂತದ್ದು ನಿಮ್ಮ ಮಾದರಿ ಸ್ವಾಮಿ, ನನ್ನ ಕಾರು ಇನ್ನೂ ಓಡುತ್ತಿದೆ. ಅದಕ್ಕೇ ಅದನ್ನು ನಿಲ್ಲಿಸುವ ಚಿಂತೆ.

ಅಂತೂ ಆರ್90 ಗುರುತಿದ್ದ ಸಾದಾ ಪ್ಯಾಡೊಂದನ್ನು ಆರಿಸಿ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಎಡ ಚಕ್ರದ ಹಳೆಯ ಪ್ಯಾಡುಗಳನ್ನು ಬಿಚ್ಚಿ ಅಂಗೈ ಮೇಲೆ ಜೊತೆಯಾಗಿ ಇಟ್ಟುಕೊಂಡ. ಹೊರಗಿನದರಲ್ಲಿ ಇನ್ನೂ ಅರ್ಧ ಉಳಿದಿತ್ತು. ಒಳಗಿನದು ಒಂದು ಅಂಚಿನಲ್ಲಿ ಉಗುರಿನಷ್ಟು ತೆಳುವಾಗಿತ್ತು. “ಪ್ಯಾಡ್ ತಪ್ಪಲ್ಲ ಸಾರ್, ಈ ಪಿನ್ ಹಿಡ್ಕೊಂಡಿದೆ” ಎಂದು ಕ್ಯಾಲಿಪರ್ ಜಾರಬೇಕಾದ ಪಿನ್ನನ್ನು ತಿರುಚಿ ತಿರುಚಿ ಹೊರಗೆಳೆದ. ಅದರ ಮೈತುಂಬ ತುಕ್ಕು, ಹಳೆಯ ಗ್ರೀಸು ಅಂಟಿನಂತೆ ಗಟ್ಟಿಯಾಗಿತ್ತು. ಸೆರಾಮಿಕ್ಕೋ ಸೆಮಿ ಮೆಟಾಲಿಕ್ಕೋ ಎಂದು ನಾನು ಒಂದು ವಾರ ನಿದ್ದೆಗೆಟ್ಟಿದ್ದ ಸಮಸ್ಯೆಯ ಬೇರು ಬೆರಳುದ್ದದ ಆ ಪಿನ್ನಿನಲ್ಲಿತ್ತು. ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪದ ಅಂಕಿಯನ್ನು ಉಜ್ಜಿ ಓದಿ, ಅಳೆದು, ಇನ್ನೂ ನಡೆಯುತ್ತದೆ ಎಂದ. ಬ್ರೇಕ್ ಆಯಿಲ್ ಕಪ್ಪಾಗಿದೆ ಎಂದ. ಅದು ಗಾಳಿಯಿಂದ ನೀರು ಹೀರುತ್ತದೆ, 230 ಡಿಗ್ರಿಗೆ ಕುದಿಯಬೇಕಾದ ಡಾಟ್ 4 ದರ್ಜೆಯ ಆಯಿಲ್ ನೀರು ಕುಡಿದ ಮೇಲೆ 155ರ ಆಸುಪಾಸಿಗೇ ಕುದಿಯತೊಡಗಬಹುದು. ಇದನ್ನು ಯಾವ ಡಬ್ಬವೂ ನನಗೆ ಹೇಳಿರಲಿಲ್ಲ. ಬಲಗಡೆಯ ಪ್ಯಾಡ್ ಚೆನ್ನಾಗಿದೆಯಲ್ಲ, ಎಡಗಡೆ ಮಾತ್ರ ಹಾಕಿದರಾಗದೇ ಎಂದು ಉಳಿತಾಯದ ಆಸೆಯಿಂದ ಕೇಳಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಗಾಡಿಯಲ್ಲಿ ಕೂರುವ ಇಷ್ಟವಿದ್ದರೆ ಹಾಗೇ ಮಾಡೋಣ ಎಂಬ ಅರ್ಥದ ನೋಟವೊಂದೇ ಉತ್ತರ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲೆಂದು ಖಾಲಿ ರಸ್ತೆಯಲ್ಲಿ ವೇಗ ಏರಿಸುತ್ತ, ಪೂರ್ತಿ ನಿಲ್ಲಿಸದೆ ನಿಧಾನಿಸುತ್ತ, ಹುಚ್ಚನಂತೆ ಒಂದಷ್ಟು ಹೊತ್ತು ಓಡಾಡಿದೆ. ಕಾರು ಈಗ ನಿಲ್ಲುತ್ತದೆ. ವಾರಂಟಿಗೆ ಮೂಲ ಬಿಲ್ ಕಡ್ಡಾಯವೆಂದು ಡಬ್ಬ ಹೇಳುತ್ತದೆಂದು ಬಿಲ್ಲನ್ನು ಜೋಪಾನವಾಗಿ ಕಾರಿನಲ್ಲೇ ಇಟ್ಟಿದ್ದೆ. ನಿನ್ನೆ ತೆಗೆದು ನೋಡಿದರೆ ಆ ನುಣುಪು ಕಾಗದದ ಮೇಲಿನ ದಿನಾಂಕ, ಪ್ಯಾಡಿನ ನಂಬರು, ಮೊತ್ತ ಎಲ್ಲವೂ ಮಾಸಿಹೋಗಿವೆ. ಹಿಂಬದಿಯಲ್ಲಿ ಮಸಿಯಿಂದ ಮೊದಲೇ ಅಚ್ಚು ಹಾಕಿಸಿಟ್ಟ ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಸಾಲು ಮಾತ್ರ ಹಾಗೆಯೇ ಇದೆ.