ಬತ್ತಿಸಬೇಕಾದದ್ದು ಹಾಲನ್ನೋ, ಹಣ್ಣನ್ನೋ?

ಹಣ್ಣಿನ ಐಸ್‌ಕ್ರೀಮ್ ಮಾಡಲು ನಾನು ಮೊದಲು ಕಲಿತ ಕ್ರಮದಲ್ಲಿ ಶ್ರಮವೆಲ್ಲ ಹಾಲಿನದು: ಹಾಲನ್ನು ಅರ್ಧಕ್ಕಿಳಿಯುವಂತೆ ಬತ್ತಿಸಿ, ಸಕ್ಕರೆ ಬೆರೆಸಿ, ಆರಿದ ಮೇಲೆ ಹಸಿ ಹಣ್ಣಿನ ತಿರುಳು ಕಲಸಿ ಫ್ರೀಜರಿನಲ್ಲಿಡುವುದು. ಹೊರನಾಡಿನಲ್ಲಿ ನೆಲೆಸಿದ ಮೇಲೆ ಕಂಡ ಕ್ರಮ ಇದಕ್ಕೆ ತೀರ ತಿರುವುಮುರುವು. ಇಲ್ಲಿ ನೆರೆಹೊರೆಯವರು ಕೆನೆಯನ್ನು ಇದ್ದಂತೆಯೇ ಬಳಸಿ, ಸಕ್ಕರೆಯೊಂದಿಗೆ ಹಣ್ಣನ್ನೇ ಒಲೆಯ ಮೇಲಿಟ್ಟು ಗಟ್ಟಿ ಮಾಡುತ್ತಾರೆ. ಮಾವೊಂದನ್ನು ಬಿಟ್ಟರೆ ರಸಭರಿತ ಹಣ್ಣುಗಳಿಗೆಲ್ಲ ಈ ಎರಡನೆಯ ಕ್ರಮವೇ ಸರಿ ಎಂಬುದು ನನ್ನ ಅನಿಸಿಕೆ.

ಕಾರಣ ನೀರು. ಹಸುವಿನ ಹಾಲಿನಲ್ಲಿ ಸುಮಾರು ಶೇ. 87ರಷ್ಟು ನೀರಿದ್ದರೆ ಸ್ಟ್ರಾಬೆರಿಯಲ್ಲಿ ಶೇ. 91ರಷ್ಟಿರುತ್ತದೆ. ಒಲೆಯ ಮುಂದೆ ನಿಂತು ಸೌಟಾಡಿಸಿ ಹಾಲಿನಿಂದ ಹೋಗಲಾಡಿಸಿದ ನೀರನ್ನು ಹಸಿ ತಿರುಳು ಮರಳಿ ತಂದು ಸುರಿಯುತ್ತದೆ. ಅದು ಹೆಪ್ಪುಗಟ್ಟಿದಾಗ ಹಲ್ಲಿಗೆ ಸಿಗುವುದು ಬರಿಯ ಮಂಜಿನ ಹರಳು. ಹಾಗೆಂದು ಹಾಲನ್ನು ಮತ್ತಷ್ಟು ಬತ್ತಿಸಿದರೆ ಅದರಲ್ಲಿರುವ ಲ್ಯಾಕ್ಟೋಸ್ ಸಾಂದ್ರಗೊಂಡು, ತಣ್ಣಗಾದಾಗ ಹರಳುಗಟ್ಟಿ, ಐಸ್‌ಕ್ರೀಮ್ ಮರಳುಮರಳಾಗುವ ಸಂಭವವಿದೆ.

ಹಣ್ಣನ್ನು ಬತ್ತಿಸುವಾಗ ಗಮನಿಸಬೇಕಾದ ಗುರುತು ಒಂದೇ. ಬಾಣಲೆಯ ತಳದಲ್ಲಿ ಸೌಟು ಎಳೆದರೆ ಮೂಡುವ ಗೆರೆ, ಮೊದಮೊದಲು ರಸ ನುಗ್ಗಿ ತಕ್ಷಣ ಮುಚ್ಚಿಹೋಗುವುದು, ಕ್ರಮೇಣ ಒಂದೆರಡು ಕ್ಷಣ ತೆರೆದೇ ಉಳಿಯತೊಡಗುತ್ತದೆ. ಆಗ ಒಲೆ ಆರಿಸಬೇಕು. ಹಣ್ಣಿನ ಹುಳಿಗೆ ಬಿಸಿ ಹಾಲು ಸುಲಭವಾಗಿ ಒಡೆಯುವುದರಿಂದ ಎರಡೂ ಪೂರ್ತಿ ತಣಿದ ಮೇಲೆಯೇ ಬೆರೆಸಬೇಕು. ಬೇಯಿಸಿದರೆ ತಾಜಾತನ ಹೋಗುತ್ತದೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಅದಕ್ಕಾಗಿ ಒಂದು ಹಿಡಿ ಹಸಿ ಹಣ್ಣನ್ನು ನುರಿದು ಕೊನೆಯಲ್ಲಿ ಸೇರಿಸಿದರೆ ಸಾಕು. ಅನಾನಸ್ ಮತ್ತು ಕಿವಿ ಹಣ್ಣಿಗಂತೂ ಈ ವಿನಾಯಿತಿಯೂ ಸಲ್ಲದು, ಏಕೆಂದರೆ ಅವುಗಳ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತವೆ, ಕುದಿಸಿದಾಗ ಮಾತ್ರ ನಿಷ್ಕ್ರಿಯವಾಗುತ್ತವೆ.

ಮಾವಿನ ಮಾತು ಬೇರೆ. ಕಳಿತ ಮಾವಿನ ತಿರುಳು ತಾನಾಗಿಯೇ ದಪ್ಪ, ಮೇಲಾಗಿ ಅದರ ಪರಿಮಳ ಬೆಂಕಿಯನ್ನು ತಾಳದು. ಅಲ್ಲಿ ನನ್ನ ಹಳೆಯ ಕ್ರಮವನ್ನು ಬಿಟ್ಟುಕೊಡಲಾರೆ. ಬಾಳೆಹಣ್ಣಿಗೆ ಎರಡೂ ಬೇಡ: ಬಿಲ್ಲೆಗಳನ್ನು ಹೆಪ್ಪುಗಟ್ಟಿಸಿ ಮಿಕ್ಸಿಯಲ್ಲಿ ತಿರುವಿದರೆ ಹಾಲಿಲ್ಲದೆಯೂ ನುಣ್ಣಗಾಗುತ್ತದೆ.

ಸಕ್ಕರೆಯನ್ನು ಅರ್ಧಕ್ಕಿಳಿಸುವ ಆರೋಗ್ಯಪ್ರಿಯರ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಕ್ಕರೆಯು ಸಿಹಿಯನ್ನಷ್ಟೇ ಕೊಡುವುದಲ್ಲ, ನೀರು ಹೆಪ್ಪುಗಟ್ಟುವ ಉಷ್ಣತೆಯನ್ನೂ ತಗ್ಗಿಸುತ್ತದೆ. ಅದು ಕಡಿಮೆಯಾದರೆ ಮೈನಸ್ 18 ಡಿಗ್ರಿಯ ಫ್ರೀಜರಿನಿಂದ ಹೊರಬರುವುದು ಇಟ್ಟಿಗೆಯೇ. ತಣ್ಣನೆಯ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುವುದರಿಂದ, ಫ್ರೀಜರಿಗೆ ಹೋಗುವ ಮುನ್ನ ಮಿಶ್ರಣ ತುಸು ಅತಿಯೆನಿಸುವಷ್ಟು ಸಿಹಿಯಾಗಿರಬೇಕು. ಕಡೆಯುವ ಯಂತ್ರವಿಲ್ಲದವರು ಅಗಲವಾದ, ಆಳವಿಲ್ಲದ ಡಬ್ಬಿಯಲ್ಲಿಟ್ಟು, ಗಟ್ಟಿಯಾಗುವವರೆಗೆ ಅರ್ಧ ಗಂಟೆಗೊಮ್ಮೆ ಅಂಚಿನಿಂದ ನಡುವಿಗೆ ಕೆದಕಿ ಕಲಸುತ್ತಿದ್ದರೆ ಹರಳುಗಳು ಸಣ್ಣದಾಗಿಯೇ ಉಳಿಯುತ್ತವೆ.