ನನ್ನ ಗುಂಡು, ಪಕ್ಕದವನ ಹತ್ತು

ಇವತ್ತು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹೊಟ್ಟೆ ಉರಿಯಿತು. ಕಾರಣ ಒಂದು ವಾಟ್ಸಾಪ್ ಸ್ಟೇಟಸ್. ಅಂಗೈಯಗಲದ ಕಾರ್ಡು, ನಡುವೆ ಕಪ್ಪು ಚಕ್ರ, ಚಕ್ರದ ನಟ್ಟನಡುವೆ ಒಂದು ತೂತು. ಕೆಳಗೆ 'ನನ್ನ ಮಗನ ಮೊದಲ ಹತ್ತು' ಅಂತ ಬರೆದು ಮೂರು ಚಪ್ಪಾಳೆ, ಎರಡು ಕೈಮುಗಿದ ಗುರುತು. ನನ್ನ ಹೆಂಡತಿ ಫೋನನ್ನು ನನ್ನ ಮೂಗಿಗೇ ಹಿಡಿದು, "ನೋಡ್ರಿ, ಎಂಟನೇ ಕ್ಲಾಸಿನ ಹುಡುಗ. ನೀವೂ ಹೋಗ್ತೀರಿ, ಮೂರು ವಾರದಿಂದ" ಅಂದಳು.

ಆ ತೂತು ನನ್ನದು. ಹೇಳಿದರೆ ಯಾರು ನಂಬುತ್ತಾರೆ?

ಬಳ್ಳಾರಿಯಲ್ಲಿ 'ಶೂಟಿಂಗ್‌ಗೆ ಸೇರಿದ್ದೀನಿ' ಅಂದರೆ ಮೊದಲೇ ಯಾರೂ ನಂಬುವುದಿಲ್ಲ. ಚಹಾದಂಗಡಿಯವನು "ಯಾವ ಪಿಚ್ಚರ್ ಸರ್? ಕನ್ನಡದ್ದಾ, ತೆಲುಗಿಂದಾ?" ಅಂದ. ಅಲ್ಲಪ್ಪಾ, ಬಂದೂಕಿನ ಶೂಟಿಂಗು ಅಂದರೆ, "ಹಂಗಾರ ಫೈಟಿಂಗ್ ಸೀನು" ಅಂತ ತಾನೇ ತೀರ್ಮಾನಿಸಿಕೊಂಡು ಅರ್ಧ ಚಹಾ ಜಾಸ್ತಿ ಹಾಕಿದ. ಸಿರುಗುಪ್ಪದ ಕಡೆ ಮೆಣಸಿನಕಾಯಿ ಬೆಳೆಯುವ ಅಳಿಯ ಫೋನ್ ಮಾಡಿ, "ಮಾವ, ಹೊಲಕ್ಕ ಹಂದಿ ಬರಾಕ ಹತ್ಯಾವು, ಒಂದು ರಾತ್ರಿ ಬಂದು ಹೋಗು" ಅಂದ. ಲೈಸೆನ್ಸೂ ಬೇಡದ ಗಾಳಿ ರೈಫಲ್ಲಪ್ಪ ಇದು, ಹತ್ತು ಮೀಟರ್ ದೂರದ ಕಾಗದಕ್ಕೆ ಹೊಡೆಯೋದು. ಪಂದ್ಯದಲ್ಲಾದರೆ ಅರವತ್ತು ಗುಂಡಿಗೆ 75 ನಿಮಿಷ ಟೈಮು. ನಿಮ್ಮ ಹಂದಿ ಅಷ್ಟು ಹೊತ್ತು ಅಲುಗಾಡದೆ ನಿಂತರೆ ಖಂಡಿತ ಬರ್ತೀನಿ ಅಂದೆ. ಅಂದಿನಿಂದ ಅವನು ಮಾತಾಡಿಲ್ಲ.

ಆಸೆ ಹಳೆಯದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗಲೇ 'ಮುಂದಿನ ತಿಂಗಳು ಸೇರಬೇಕು' ಅಂದುಕೊಂಡಿದ್ದೆ. ಆ ಮುಂದಿನ ತಿಂಗಳು ಬರಲು ಹದಿನಾರು ವರ್ಷ ಹಿಡಿಯಿತು. 2024ರ ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೇಚ್ ಮಾಮೂಲಿ ಕನ್ನಡಕ ಹಾಕಿಕೊಂಡು, ಒಂದು ಕೈ ಪ್ಯಾಂಟಿನ ಜೇಬಿನಲ್ಲಿಟ್ಟು ಬೆಳ್ಳಿ ಗೆದ್ದರಲ್ಲ, ಆ ಫೋಟೊ ನನ್ನನ್ನು ಕೆಡಿಸಿತು. ವಯಸ್ಸು 51. ಬಸ್ಸಿಗೆ ಕಾಯುತ್ತಿರುವ ರೆವಿನ್ಯೂ ಇನ್ಸ್‌ಪೆಕ್ಟರ್ ಹಾಗೆ ನಿಂತಿದ್ದಾರೆ. ಇಷ್ಟೇ ಆದರೆ ನನಗೂ ಬರುತ್ತದೆ ಅನಿಸಿತು. ಮೊದಲ ದಿನ ಅದೇ ಭಂಗಿಯಲ್ಲಿ ಹೋಗಿ ನಿಂತಾಗ ಕೋಚ್ ನನ್ನ ಕೈಯನ್ನು ಮೆಲ್ಲಗೆ ಜೇಬಿನಿಂದ ಹೊರಗೆ ತೆಗೆದು, "ಅವ್ರದು ಪಿಸ್ತೂಲು ಸರ್, ಒಂದೇ ಕೈ ಸಾಕು. ರೈಫಲ್ಲಿಗೆ ಎರಡೂ ಬೇಕು. ಮತ್ತ ಅವ್ರಿಗದು ಐದನೇ ಒಲಿಂಪಿಕ್ಸ್ ರೀ" ಅಂದ. ಇಪ್ಪತ್ತಾರರ ಹುಡುಗ, ಆದರೆ ಮಾತಿನಲ್ಲಿ ನಿವೃತ್ತ ಹೆಡ್‌ಮಾಸ್ತರ್.

ನಮ್ಮ ರೇಂಜು ಅಂದರೆ ಮೊದಲು ಜೀನ್ಸ್ ಹೊಲಿಯುತ್ತಿದ್ದ ಶೆಡ್ಡು. ಗೋಡೆಯ ಮೂಲೆಯಲ್ಲಿ ಇನ್ನೂ ನೀಲಿ ದಾರದ ಚೂರು ಸಿಗುತ್ತವೆ. ತಗಡಿನ ಮಾಡು. ಬಳ್ಳಾರಿಯ ಏಪ್ರಿಲ್. ಅದರೊಳಗೆ, ಮೈ ಅಲುಗಾಡದಂತೆ ರೈಫಲ್‌ನವರು ತೊಡುವ ಕೋಟು. ಈ ಕೋಟನ್ನು ಟಿವಿಯಲ್ಲಿ ನೋಡಿದವರಿಗೆ ಅದರ ನಿಜ ಗೊತ್ತಿರುವುದಿಲ್ಲ. ಕ್ಯಾನ್‌ವಾಸು, ಚರ್ಮ ಸೇರಿಸಿ ಹೊಲಿದದ್ದು, ನೆಲದ ಮೇಲಿಟ್ಟರೆ ತಾನೇ ನಿಲ್ಲುತ್ತದೆ. ಯಾರೋ ಕಾಲೇಜು ಹುಡುಗ ಬಿಟ್ಟುಹೋದ ಕೋಟು ಅದು, ನನಗೆ ಗುಂಡಿ ಕೂಡುವುದಿಲ್ಲ. "ಹೊಟ್ಟಿ ಒಳಗ ತಗೋರಿ ಸರ್" ಅನ್ನುತ್ತಾನೆ ಕೋಚ್. ತಗೊಂಡೆ. ಗುಂಡಿ ಹಾಕಿದ. "ಈಗ ಉಸಿರು ಅರ್ಧ ಬಿಡ್ರಿ." ಬಿಟ್ಟರೆ ಗುಂಡಿ ಹಾರುತ್ತದೆ, ಬಿಡದಿದ್ದರೆ ನಾನು ಹಾರುತ್ತೇನೆ.

ಇನ್ನು ನಿಲ್ಲುವ ಕ್ರಮ. ಎಡ ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಊರಿ, ನಾಲ್ಕೈದು ಕೇಜಿಯ ರೈಫಲನ್ನು ಸ್ನಾಯುವಿನ ಮೇಲಲ್ಲ, ಎಲುಬಿನ ಮೇಲೆ ಹೊರಬೇಕಂತೆ. ಕೋಚ್ ಎರಡು ಬೆರಳಿನಿಂದ ನನ್ನ ಮಗ್ಗುಲು ಒತ್ತಿ ಒತ್ತಿ ಹುಡುಕಿ, "ಎಲುಬು ಎಲ್ಲೈತಿ ಸರ್?" ಅಂತ ಕೇಳಿದ.

ಇತ್ತಪ್ಪ, ಮದುವೆಗೆ ಮುಂಚೆ.

ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ರಿಂಗು ಸ್ಪಷ್ಟವಾಗಿ ಕಾಣಬೇಕು, ಗುರಿ ಮಾತ್ರ ಮಸುಕಾಗಿರಬೇಕು ಅಂದಾಗ ಸ್ವಲ್ಪ ಧೈರ್ಯ ಬಂತು. ಚಾಳೀಸಿನ ವಯಸ್ಸಿನವನಿಗೆ ರಿಂಗೂ ಮಸುಕು, ಗುರಿಯೂ ಮಸುಕು. ಅರ್ಧ ಪಾಠ ಬಂದ ಹಾಗೇ ಆಯಿತಲ್ಲ. ಆಮೇಲೆ ಕಣ್ಣಿನ ಪರೀಕ್ಷೆ. ಎರಡೂ ಕೈ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ಬಿಟ್ಟು ಗೋಡೆ ಗಡಿಯಾರ ನೋಡಿದೆ. "ಈಗ ಎಡಗಣ್ಣು ಮುಚ್ರಿ." ಗಡಿಯಾರ ಮಾಯ! "ಸರ್, ನಿಮ್ದು ಬಲಗೈ, ಆದರ ಯಜಮಾನಿಕಿ ಎಡಗಣ್ಣಿಂದು." ನಲವತ್ತೆಂಟು ವರ್ಷ ನನ್ನ ಮುಖದ ಮೇಲೇ ಇದ್ದು ಈ ವಿಷಯ ನನಗೆ ಗೊತ್ತಿಲ್ಲ. ಮನೆಯಲ್ಲಿ ಹೇಳಿದರೆ, "ನೀವು ಯಾವತ್ತು ನೆಟ್ಟಗ ನೋಡೀರಿ?" ಅಂತ ಉತ್ತರ.

ಅಪ್ಪ ನೆನಪಾದರು. ಕನಕ ದುರ್ಗಮ್ಮನ ಸಿಡಿಬಂಡಿ ಜಾತ್ರೆಯಲ್ಲಿ ಪುಗ್ಗಕ್ಕೆ ಹೊಡೆಯುವ ಅಂಗಡಿ ಮುಂದೆ ನಿಲ್ಲದೆ ಅವರು ಮನೆಗೆ ಬಂದದ್ದಿಲ್ಲ. ಬಲಗೈಯಲ್ಲಿ ಉಣ್ಣುವ, ಬಲಗೈಯಲ್ಲಿ ಬರೆಯುವ ಮನುಷ್ಯ ಬಂದೂಕನ್ನು ಮಾತ್ರ ಎಡ ಹೆಗಲಿಗೆ ಏರಿಸುತ್ತಿದ್ದರು. "ಉಲ್ಟಾ ಹಿಡಿದೀರಿ ಯಜಮಾನ್ರೇ" ಅಂತ ಪುಗ್ಗದವನು ನಗುತ್ತಿದ್ದ, ಸುತ್ತ ನಿಂತವರೂ ನಗುತ್ತಿದ್ದರು, ನನಗೂ ನಾಚಿಕೆ. ಪಟ್ ಪಟ್ ಅಂತ ಹತ್ತರಲ್ಲಿ ಏಳು ಪುಗ್ಗ ಒಡೆಯುತ್ತಿದ್ದವು. ನನ್ನ ಪಾಲಿನ ಎರಡು ಗುಂಡನ್ನು ನಾನು ಎಲ್ಲರ ಹಾಗೆ ಬಲಗಡೆ ಹಿಡಿದು ಹಲಗೆಗೆ ಹೊಡೆದರೆ, "ಇರಲಿ ಬಿಡು, ಹಲಗಿಗೂ ಬೇಕಲ್ಲ" ಅನ್ನುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷ. ಉಲ್ಟಾ ಹಿಡಿದದ್ದು ನಾನು ಅಂತ ಹೇಳೋಣವೆಂದರೆ ಪುಗ್ಗದವನೂ ಈಗ ಎಲ್ಲಿದ್ದಾನೋ.

ಎಡ ಹೆಗಲಿನ ರೈಫಲ್ ನಮ್ಮ ರೇಂಜಿನಲ್ಲಿಲ್ಲ. ಎಡಗಣ್ಣಿಗೆ ಮರೆ ಕಟ್ಟಬೇಕು, ಅದಕ್ಕೆಂದೇ ಪಟ್ಟಿ ಸಿಗುತ್ತದೆ, ತರಿಸುತ್ತೇನೆ ಅಂದ ಕೋಚ್. ಅಲ್ಲಿಯತನಕ ಮೇಜಿನ ಮೇಲಿದ್ದ ಯಾರದೋ ಲಗ್ನಪತ್ರಿಕೆಯನ್ನು ಎರಡು ಬೆರಳಗಲ ಕತ್ತರಿಸಿ ನನ್ನ ಕನ್ನಡಕಕ್ಕೆ ಸಿಕ್ಕಿಸಿದ. ಅಂದಿನಿಂದ ನನ್ನ ಬಲಗಣ್ಣಿನ ಮುಂದೆ ಟಾರ್ಗೆಟ್ಟು, ಎಡಗಣ್ಣಿನ ಮುಂದೆ ಬಂಗಾರದ ಅಕ್ಷರದಲ್ಲಿ 'ಚಿ॥ ಸೌ॥'.

ಈಗ ಆ ಹತ್ತಿನ ವಿಷಯ. ಕಾರ್ಡಿನ ಕಪ್ಪು ಭಾಗ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದು. ಅದರ ನಡುವಿನ ಹತ್ತು ಅಂಕ ಅಂದರೆ ಅರ್ಧ ಮಿಲಿಮೀಟರ್ ಚುಕ್ಕೆ, ಗಸಗಸೆ ಕಾಳಿಗಿಂತ ಸಣ್ಣದು. ಡಮರುಗದಂತೆ ನಡು ಸಣ್ಣಗಿರುವ ನಮ್ಮ ಸೀಸದ ಗುಂಡು ನಾಲ್ಕೂವರೆ ಮಿಲಿಮೀಟರ್. ಅದರ ಅಂಚು ಆ ಚುಕ್ಕೆಯನ್ನು ಸವರಿದರೂ ಸಾಕು, ಹತ್ತು. ಮೂರು ವಾರದಲ್ಲಿ ನಾನು ಮೂರು, ನಾಲ್ಕು, ಒಮ್ಮೆ ಆರು ಸವರಿದ್ದೆ. ಉಳಿದದ್ದು ಗೋಡೆ ಸವರಿತ್ತು.

ನಿನ್ನೆ ಸಂಜೆ ನಾನು ನಾಲ್ಕನೇ ಲೇನು, ಆ ಹುಡುಗ ಮೂರನೆಯದು. ಬೆವರಿಗೆ 'ಚಿ॥ ಸೌ॥' ಜಾರಿ ಮೂಗಿನ ಮೇಲೆ ಬಂತು. ಸರಿಮಾಡಿಕೊಂಡೆ, ಆ ಗಡಿಬಿಡಿಯಲ್ಲಿ ಪಾದ ಒಂದಿಷ್ಟು ಎಡಕ್ಕೆ ತಿರುಗಿತ್ತು ಅಂತ ಕಾಣುತ್ತದೆ. ರೈಫಲ್ ಏರಿಸಿದೆ. ರಿಂಗಿನೊಳಗೆ ಕಣ್ಣಿಟ್ಟ ಮೇಲೆ ಈ ಲೋಕದಲ್ಲಿ ಇರುವುದು ಒಂದೇ ಕಪ್ಪು ಚಂದ್ರ. ಅದರ ತಲೆ ಮೇಲೆ ಬರೆದ ಲೇನ್ ನಂಬರು ಆ ಲೋಕದಿಂದ ಹೊರಗೆ. ಉಸಿರು ಅರ್ಧ ಬಿಟ್ಟೆ. ಗುಂಡಿ ಹಾರಲಿಲ್ಲ. ಎಂದೂ ಇಲ್ಲದ ಶಾಂತಿ. ಎದೆ ಬಡಿತಕ್ಕೆ ನಳಿಗೆ ಕುಣಿಯುವುದೂ ನಿಂತಿತು. ಟ್ರಿಗರ್ ಯಾವಾಗ ಬಿತ್ತೋ ನನಗೇ ಗೊತ್ತಾಗಲಿಲ್ಲ. ಹಾಗೆ ಗೊತ್ತಾಗದೇ ಬಿದ್ದರೇ ಸರಿಯಾದ ಹೊಡೆತ ಅಂತ ಕೋಚ್ ಹೇಳಿಯೇ ಇದ್ದ. ಟಪ್.

ರಾಟೆ ತಿರುಗಿಸಿದೆ. ನನ್ನ ಕಾರ್ಡು ಕುಂಯ್ ಕುಂಯ್ ಅನ್ನುತ್ತಾ ಹತ್ತಿರ ಬಂತು. ಈಗಷ್ಟೇ ಒಗೆದು ಇಸ್ತ್ರಿ ಮಾಡಿದ ಪಂಚೆಯಷ್ಟು ಶುಭ್ರ. ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದೆ. ಅಷ್ಟರಲ್ಲಿ ಪಕ್ಕದಿಂದ ಸಣ್ಣ ದನಿ: "ಅಂಕಲ್, ನಾನು ಹೊಡೆದದ್ದು ಹತ್ತು. ತೂತು ಹನ್ನೊಂದು ಅದಾವು."

ಅವನ ಕೊನೆಯ ಗುಂಡೂ ನನ್ನದೂ ಒಟ್ಟಿಗೇ ಹೋಗಿದ್ದವು. ಹೊಸದಾಗಿ ಬಂದ ತೂತು ಎರಡು: ಒಂದು ಎಂಟು, ಒಂದು ಹತ್ತು. ಹತ್ತು ನನ್ನದು ಅಂದೆ. ಹೇಗೆ ಹೇಳ್ತೀರಿ ಅಂದ ಕೋಚ್. ನನ್ನ ಮನಸ್ಸಿಗೆ ಗೊತ್ತು ಅಂದೆ. "ಮನಸ್ಸಿಗೆ ಪಾಯಿಂಟ್ ಇಲ್ಲ ಸರ್" ಅಂದು ಫೋನಿನಲ್ಲಿ ನಿಯಮ ತೆಗೆದು ಓದಿದ. ಪಕ್ಕದವನ ಕಾರ್ಡಿಗೆ ಹೊಡೆದ ಗುಂಡು ಹೊಡೆದವನ ಲೆಕ್ಕದಲ್ಲಿ ಸೊನ್ನೆ. ಯಾವ ತೂತು ಯಾರದು ಅಂತ ಗೊತ್ತಾಗದಿದ್ದರೆ, ಅದರಲ್ಲಿ ದೊಡ್ಡ ಅಂಕ ಕಾರ್ಡಿನ ಒಡೆಯನಿಗೆ. ಅಂದರೆ ಕೆಲಸ ಮಾಡಿದವನಿಗೆ ಸೊನ್ನೆ, ಪಕ್ಕದಲ್ಲಿ ನಿಂತವನಿಗೆ ಹತ್ತು. ನಮ್ಮ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಇದೇ ನಡೆದಿದೆ, ಆದರೆ ಅಲ್ಲಿ ಯಾರೂ ಅದನ್ನು ನಿಯಮ ಅಂತ ಅಚ್ಚು ಹಾಕಿಸಿರಲಿಲ್ಲ.

ಆಮೇಲೆ ಕೆಳಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ. ಸೀಸ ಮುಟ್ಟಿದ ಕೈ ಅಂತ ಕೋಚ್ ನಮ್ಮಿಬ್ಬರ ಅಂಗೈ ತಿರುಗಿಸಿ ನೋಡಿ, ನನ್ನನ್ನು ಮಾತ್ರ ಇನ್ನೊಮ್ಮೆ ಸೋಪು ಹಚ್ಚಿ ತೊಳೆದು ಬರಲು ಕಳಿಸಿದ. ಬರುವಷ್ಟರಲ್ಲಿ ಹುಡುಗ ನನ್ನ ಮಿರ್ಚಿಯನ್ನೂ ಮುಗಿಸಿದ್ದ. ದುಡ್ಡು ನಾನೇ ಕೊಟ್ಟೆ.

ಇದನ್ನೆಲ್ಲ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಮನೆಯಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಎಂಟು ನಿಮ್ದು ಇರಬಹುದಲ್ರೀ?" ಅಂದು ಆ ಸ್ಟೇಟಸ್ಸಿಗೆ ಒಂದು ಕೆಂಪು ಹೃದಯ ಒತ್ತಿದಳು. ನಾನು ಫೋಟೊ ದೊಡ್ಡದು ಮಾಡಿ ಎಣಿಸಿದೆ. ಹನ್ನೊಂದು. ತಾಯಿಯಾದವಳು ಎಣಿಸುವುದಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಹುಡುಗನ ಮೆಸೇಜು ಬಂತು: "ಅಂಕಲ್, ಶನಿವಾರ ನಮ್ಮ ಸ್ಕೂಲ್ ಸೆಲೆಕ್ಷನ್‌ಗೆ ಸ್ಕೋರ್ ಬರೀತಾರ. ನೀವು ಬರ್ತೀರಲ್ಲ? ನಾಲ್ಕನೇ ಲೇನ್ ನಿಮಗ ಅಂತ ಹೇಳಿಟ್ಟೀನಿ."